ಸತ್ಯಾಂಶ: ಐದು ದಿನದ ಕೋರ್ಸಿಗೆ ಎಂಬಿಎ ಸಿಗುವುದಿಲ್ಲ

"ಐಐಎಂನಲ್ಲಿ (ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆ) ಐದು ದಿನ ಕೂತರೆ ಸಾಕು, ವ್ಯಾಪಾರಸ್ಥರಿಗೆ ಎಂಬಿಎ ಪದವಿ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಅದು ತಪ್ಪು. ಉದ್ಯಮಿಗಳ ಅಲ್ಪಾವಧಿ ತರಬೇತಿಗೆ ಸಿಗುವುದು ಪ್ರಮಾಣಪತ್ರ, ಪದವಿಯಲ್ಲ. ಅಸಲಿಗೆ 2017ರ ಐಐಎಂ ಕಾಯ್ದೆ ಬರುವವರೆಗೆ ಅಲ್ಲಿ ಎರಡು ವರ್ಷ ಓದಿದವರಿಗೂ ಕೊಡುತ್ತಿದ್ದದ್ದು ಡಿಪ್ಲೊಮಾವೇ!

ಹಾಗಂತ ತರಬೇತಿ ದಂಡವೇನಲ್ಲ. ಲೆಕ್ಕದ ಪುಸ್ತಕದಲ್ಲಿ ಲಾಭವಿದ್ದೂ ಗಲ್ಲಾಪೆಟ್ಟಿಗೆ ಯಾಕೆ ಖಾಲಿ? ಗೋದಾಮಿನಲ್ಲಿ ಕೂತ ಸರಕು, ಮೂರು ತಿಂಗಳಿನಿಂದ ವಸೂಲಾಗದ ಉದ್ರಿ, ಇಂಥ ಲೆಕ್ಕವನ್ನು ಅಲ್ಲಿ ಬಿಡಿಸಿ ತೋರಿಸುತ್ತಾರೆ. ಬೆಂಗಳೂರಿನ ಐಐಎಂನಲ್ಲಿ ಉದ್ಯಮಿಗಳಿಗೆ, ಕುಟುಂಬ ವ್ಯಾಪಾರದವರಿಗೆ ಅಂತಲೇ ರೂಪಿಸಿದ ತರಬೇತಿಯಿದೆ. ದುಡ್ಡು ಕಟ್ಟುವ ಮುನ್ನ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ 'ಸ್ವಯಂ' (SWAYAM) ಜಾಲತಾಣದಲ್ಲಿ ಅದೇ ಸಂಸ್ಥೆಯ ಪಾಠಗಳಿಗೆ ಉಚಿತವಾಗಿ ಸೇರಿ ನೋಡಬಹುದು. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರಷ್ಟೇ ಶುಲ್ಕ.