ಓದುವವರಿಲ್ಲದ ಲೇಖನಕ್ಕೂ 2 ಅಂಕ

"ಎರಡೇ ದಿನದಲ್ಲಿ ಪ್ರಕಟಣೆ. ಪೀರ್ ರಿವ್ಯೂ ಗ್ಯಾರಂಟಿ. ಐಎಸ್‌ಎಸ್‌ಎನ್ ಇದೆ. ಇ-ಸರ್ಟಿಫಿಕೇಟ್ ಉಚಿತ."

ಪಿಎಚ್‌ಡಿ ಮಾಡುವವರ ಯಾವ ವಾಟ್ಸ್ಆ್ಯಪ್ ಗ್ರೂಪ್ ತೆರೆದರೂ ಸಂಶೋಧನಾ ಪತ್ರಿಕೆಗಳ ಇದೇ ಜಾಹೀರಾತು. ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಪೀರ್ ರಿವ್ಯೂ ಅಂದರೆ ಅದೇ ವಿಷಯ ಬಲ್ಲವರು ಲೇಖನ ಓದಿ ಪರಿಶೀಲಿಸುವುದು. ಲೇಖನ ಕೈಗೆ ಬರುವ ಮೊದಲೇ ಗ್ಯಾರಂಟಿ ಕೊಟ್ಟರೆ ಅದು ಪರಿಶೀಲನೆ ಹೇಗಾಗುತ್ತದೆ ಸ್ವಾಮಿ? ಐಎಸ್‌ಎಸ್‌ಎನ್ ಅಂದರೆ ಪತ್ರಿಕೆಯನ್ನು ಗುರುತಿಸುವ 8 ಅಂಕಿಗಳ ಸಂಖ್ಯೆ, ಅಷ್ಟೇ. ಒಳಗಿರುವುದು ಕಾಳೋ ಜೊಳ್ಳೋ ಅಂತ ಅದು ಹೇಳುವುದಿಲ್ಲ. ಆದರೂ ಅದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿ ದುಡ್ಡು ಕೇಳುತ್ತಾರೆ. ಕಟ್ಟುವವರೂ ಇದ್ದಾರೆ.

ನಾನು ಶಾಸನಗಳ ಮೇಲೆ ಬರೆದ ಲೇಖನವನ್ನು ಒಂದು ಒಳ್ಳೆಯ ಪತ್ರಿಕೆಗೆ ಕಳಿಸಿದೆ. ಪರಿಶೀಲಿಸಿದವರು ನಿಜವಾಗಿ ಓದಿದ್ದರು. ಶಾಸನವನ್ನು ಒಂದು ಕಡೆ ತಪ್ಪಾಗಿ ಓದಿರಬಹುದು, ಮೂಲ ನೋಡಿ ಅಂದರು. ನೋಡಿದೆ, ತಿದ್ದಿದೆ, ಮತ್ತೆ ಕಳಿಸಿದೆ. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ, ಹಿಡಿಯಬೇಕು ಕೂಡ. ಅಷ್ಟರಲ್ಲಿ ಒಂದು ಕೆಲಸಕ್ಕೆ ಅರ್ಜಿ ಕರೆದರು. ಪರಿಶೀಲನೆಯಲ್ಲಿರುವ ಲೇಖನಕ್ಕೆ ಸೊನ್ನೆ. ದುಡ್ಡು ಕೊಟ್ಟು ಐದು ಲೇಖನ ಹಾಕಿಸಿಕೊಂಡವರಿಗೆ ಪೂರ್ತಿ ಅಂಕ. ಶಾರ್ಟ್‌ಲಿಸ್ಟ್‌ನಲ್ಲಿ ನನ್ನ ಹೆಸರೇ ಇರಲಿಲ್ಲ.

ಲೆಕ್ಕ ಹೀಗಿದೆ ನೋಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ 2018ರ ನಿಯಮದ ಪ್ರಕಾರ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಒಂದು ಲೇಖನಕ್ಕೆ 2 ಅಂಕ, ಜಾಸ್ತಿ ಅಂದರೆ 10. ಪರಿಶೀಲನೆ ಇರುವ ಅಥವಾ ಯುಜಿಸಿ ಪಟ್ಟಿಯಲ್ಲಿರುವ ಪತ್ರಿಕೆಯಲ್ಲೇ ಬಂದಿರಬೇಕು ಅಂತ ಬರೆದಿದೆ, ನಿಜ. ಆದರೆ ಪರಿಶೀಲನೆ ನಡೆದಿದೆಯೇ ಅಂತ ನೋಡುವವರು ಯಾರು? ಮುಖಪುಟದ ಜೆರಾಕ್ಸ್ ಇದ್ದರೆ ಟಿಕ್ ಹಾಕುತ್ತಾರೆ.

ಯುಜಿಸಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. 2018ರ ಮೇ ತಿಂಗಳಲ್ಲಿ ತನ್ನದೇ ಒಪ್ಪಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತು ಹಾಕಿತು. ಅಲ್ಲಿಯವರೆಗೆ ಅವುಗಳಲ್ಲಿ ಬರೆದು ಬಡ್ತಿ ಪಡೆದವರು ಹಾಯಾಗಿದ್ದಾರೆ. ಆಮೇಲೆ ಒಪ್ಪಿತ ಪತ್ರಿಕೆಗಳ ಹೊಸ ಪಟ್ಟಿ, ಕೇರ್ ಪಟ್ಟಿ ಬಂತು. ಪಟ್ಟಿಯಲ್ಲಿದ್ದ ಪತ್ರಿಕೆಗಳ ಹೆಸರು ಕದ್ದು ನಕಲಿ ವೆಬ್‌ಸೈಟ್ ಮಾಡಿದರು. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟು, ಪತ್ರಿಕೆ ಹೇಗಿದೆ ಅಂತ ನೀವೇ ನೋಡಿಕೊಳ್ಳಿ ಎಂದು ಕಾಲೇಜು, ವಿಶ್ವವಿದ್ಯಾಲಯಗಳಿಗೆ ಬಿಟ್ಟರು. ಜೆರಾಕ್ಸ್ ನೋಡಿ ಟಿಕ್ ಹಾಕುತ್ತಿದ್ದವರಿಗೇ!

ಈ ದಂಧೆ ಸಣ್ಣದೂ ಅಲ್ಲ. ಇಂಥ ಪತ್ರಿಕೆಗಳನ್ನು ಹೊರತರುವ, ಪಕ್ಕದ ಹೈದರಾಬಾದಿನ ಓಮಿಕ್ಸ್ ಕಂಪನಿಯ ಮೇಲೆ 2019ರಲ್ಲಿ ಅಮೆರಿಕದ ಕೋರ್ಟು 5 ಕೋಟಿ ಡಾಲರಿಗೂ ಹೆಚ್ಚು ಮೊತ್ತದ ತೀರ್ಪು ಕೊಟ್ಟಿತು. ಪರಿಶೀಲನೆ ಇದೆ ಎಂದು ಲೇಖಕರಿಗೆ ಸುಳ್ಳು ಹೇಳಿದ್ದು, ಶುಲ್ಕವನ್ನು ಮುಚ್ಚಿಟ್ಟಿದ್ದು ಅಲ್ಲಿನ ದೂರು. ನಮ್ಮ ನೆಲದಲ್ಲಿ ನಡೆದ ಮೋಸಕ್ಕೆ ಅಲ್ಲಿ ಕೇಸು ಹಾಕಬೇಕಾಯಿತು, ನಾಚಿಕೆ ಆಗಬೇಕಲ್ವಾ?

ಇನ್ನು ಹೆಸರು ಸೇರಿಸುವ ಚಟ. ಒಂದು ಸಾಲು ಬರೆಯದ, ಕೆಲವೊಮ್ಮೆ ಒಂದು ಸಾಲು ಓದದ ಗೈಡ್‌ಗಳ ಹೆಸರು ಲೇಖನದ ಮೇಲೆ ಮೊದಲು ಬರಬೇಕು. ಇಲ್ಲ ಅಂದರೆ ಸಹಿ ಸಿಗುವುದಿಲ್ಲ. ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಬಾಯಿ ಬಿಡುವ ಹಾಗಿಲ್ಲ, ಥೀಸಿಸ್ ಗೈಡ್ ಕೈಯಲ್ಲಿದೆ. ಇದನ್ನು ಗುರುಭಕ್ತಿ ಅಂತ ಕರೆಯುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಇದು ಕಳ್ಳತನ.

ಆಯ್ಕೆ ಸಮಿತಿಯವರೇ, ಅಂಕ ಹಾಕುವ ಮೊದಲು ಅರ್ಜಿಯಲ್ಲಿರುವ ಒಂದೇ ಒಂದು ಲೇಖನ ತೆಗೆದು ಓದಿ. ಬರೆದವರಿಗೆ ಫೋನ್ ಮಾಡಿ ಕೇಳಿ. ಈ ಶಾಸನ ನಮ್ಮ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಯಾವ ಸಂಪುಟದಲ್ಲಿದೆ? ಈ ಅಡಿಟಿಪ್ಪಣಿಯ ಪುಸ್ತಕವನ್ನು ಎಲ್ಲಿ ನೋಡಿದಿರಿ? ಅಷ್ಟಕ್ಕೂ ಪುರುಸೊತ್ತಿಲ್ಲ ಅಂದರೆ ಆ 10 ಅಂಕವನ್ನೇ ತೆಗೆದು ಹಾಕಿ.