ಗಂಟೆ ಉಳಿಸುವ ಯಂತ್ರವೂ ಹದಿನಾಲ್ಕು ಗಂಟೆಯ ದಿನವೂ

ಶೇಕಡಾ ಎಷ್ಟು ಎಂದು ಹೇಳದೆ ಈಗ ಯಾವ ಸಾಫ್ಟ್‌ವೇರ್ ಕಂಪನಿಯ ಮುಖ್ಯಸ್ಥರೂ ವೇದಿಕೆ ಇಳಿಯುವುದಿಲ್ಲ. ನಮ್ಮ ಕೋಡಿನಲ್ಲಿ, ಅಂದರೆ ಕಂಪ್ಯೂಟರಿಗೆ ಬರೆದುಕೊಡುವ ಆದೇಶಗಳಲ್ಲಿ, ಇಷ್ಟು ಪಾಲನ್ನು ಎಐ ಬರೆಯುತ್ತಿದೆ ಎಂದು ಘೋಷಿಸುವುದು ಈಗಿನ ಮರ್ಯಾದೆ. 2024ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಸುಂದರ್ ಪಿಚೈ ಹೊಸ ಕೋಡಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಎಂದರು. 2025ರ ಮಾರ್ಚ್‌ನಲ್ಲಿ ಎಐ ಕಂಪನಿ ಆಂಥ್ರೋಪಿಕ್‌ನ ಡೇರಿಯೊ ಅಮೋಡೈ ಇನ್ನು ಮೂರರಿಂದ ಆರು ತಿಂಗಳಲ್ಲಿ ಶೇ 90 ಎಂದರು. ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ, ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾದ ಮಾರ್ಕ್ ಝುಕರ್‌ಬರ್ಗ್ ಪಕ್ಕದಲ್ಲಿ ಕುಳಿತು ಬಹುಶಃ ಶೇ 20, ಶೇ 30 ಎಂದರು. ನಿಮ್ಮಲ್ಲಿ ಎಷ್ಟು ಎಂದು ತಿರುಗಿ ಕೇಳಿದರೆ ಝುಕರ್‌ಬರ್ಗ್ ಬಳಿ ಸಂಖ್ಯೆ ಇರಲಿಲ್ಲ. ಆದರೆ ಬರುವ ವರ್ಷದೊಳಗೆ ಅರ್ಧದಷ್ಟಾಗುತ್ತದೆ ಎಂಬ ಭವಿಷ್ಯ ಮಾತ್ರ ಸಿದ್ಧವಿತ್ತು. ಇವತ್ತಿನದು ಗೊತ್ತಿಲ್ಲ, ಮುಂದಿನ ವರ್ಷದ್ದು ಗೊತ್ತು! ನಮ್ಮ ಊರ ಜ್ಯೋತಿಷಿಗಳಿಗೂ ಈ ವಿದ್ಯೆ ಇನ್ನೂ ಪೂರ್ತಿ ಸಿದ್ಧಿಸಿಲ್ಲ. ಅವರು ಕನಿಷ್ಠ ಜಾತಕವನ್ನಾದರೂ ಕೇಳುತ್ತಾರೆ.

ಆ ‘ಬಹುಶಃ’ ನನಗೆ ಬಹಳ ಹಿಡಿಸಿತು. ಗ್ರಾಮ ಪಂಚಾಯಿತಿಯ ಕಾರ್ಯದರ್ಶಿ ಲೆಕ್ಕಪತ್ರದಲ್ಲಿ ‘ಬಹುಶಃ 20 ಚೀಲ, 30 ಚೀಲ ಸಿಮೆಂಟು’ ಎಂದು ಬರೆದರೆ ಆಡಿಟ್ ಆಕ್ಷೇಪಣೆ ಬರುತ್ತದೆ. ಇಲ್ಲಿ ಚಪ್ಪಾಳೆ ಬರುತ್ತದೆ. ಎರಡು ವಾರ ಕಳೆದ ಮೇಲೆ ಅದೇ ಮೈಕ್ರೋಸಾಫ್ಟ್ ಸುಮಾರು 6,000 ಮಂದಿಯನ್ನು ಮನೆಗೆ ಕಳಿಸಿತು. ಆ ಪಟ್ಟಿಯಲ್ಲಿ ‘ಬಹುಶಃ’ ಇದ್ದಿರಲಾರದು. ಯಾರು ಹೋಗಬೇಕು ಎಂಬ ಲೆಕ್ಕ ಮಾತ್ರ ಯಾವ ಕಂಪನಿಯಲ್ಲೂ ಹೆಸರು ಹಿಡಿದು, ಪೈಸೆಗೆ ಪೈಸೆ ಸರಿಯಾಗಿಯೇ ಇರುತ್ತದೆ.

ಅಷ್ಟಕ್ಕೂ ಎಣಿಸುತ್ತಿರುವುದು ಏನನ್ನು? ಕೋಡಿನ ಸಾಲುಗಳನ್ನು, ಇಲ್ಲವೇ ಅಕ್ಷರಗಳನ್ನು. ಕೋಡ್ ಬರೆಯದವರಿಗಾಗಿ ಒಂದು ಮಾತು: ಶಾಲೆಯ ಗಣಿತದಲ್ಲಿ ಪುಷ್ಪಾವರಣ ಎಂದು ಕಲಿತಿದ್ದೆವಲ್ಲ, ತೆರೆದಿದ್ದ ಆ ಪುಷ್ಪಾವರಣವನ್ನು ಮುಚ್ಚಿದರೆ ಅದೂ ಒಂದು ಸಾಲು. ಬ್ಯಾಂಕಿನ ಬಡ್ಡಿ ಲೆಕ್ಕ ತಪ್ಪದಿರಲಿ ಎಂದು ಮೂರು ದಿನ ತಲೆ ಕೆಡಿಸಿಕೊಂಡು ತಿದ್ದಿದ್ದೂ ಒಂದು ಸಾಲು. ಶೇಕಡಾವಾರಿನ ಕಣ್ಣಿಗೆ ಎರಡೂ ಸಮಾನ. ಇಂಥ ಸಮಾನತೆಯನ್ನು ತರುವುದು ನಮ್ಮ ಸಂವಿಧಾನಕ್ಕೂ ಇನ್ನೂ ಸಾಧ್ಯವಾಗಿಲ್ಲ.

ಸಾಲು ಎಣಿಸುವ ಈ ಚಟಕ್ಕೆ ತಕ್ಕ ಉತ್ತರ ಕೊಟ್ಟವರು ಆ್ಯಪಲ್‌ನ ಬಿಲ್ ಅಟ್ಕಿನ್ಸನ್. 1982ರಲ್ಲಿ ಲೀಸಾ ಕಂಪ್ಯೂಟರಿನ ತಂಡದ ಮ್ಯಾನೇಜರುಗಳಿಗೆ ಒಂದು ಜ್ಞಾನೋದಯವಾಯಿತು. ವಾರಕ್ಕೊಮ್ಮೆ ಪ್ರತಿಯೊಬ್ಬರೂ ತಾವು ಎಷ್ಟು ಸಾಲು ಬರೆದೆವು ಎಂದು ಫಾರಂ ತುಂಬಿ ಕೊಡಬೇಕು ಎಂದು ಆಜ್ಞೆಯಾಯಿತು. ಅಟ್ಕಿನ್ಸನ್ ಆಗ ಪರದೆಯ ಮೇಲೆ ಚಿತ್ರ ಬಿಡಿಸುವ ಕ್ವಿಕ್‌ಡ್ರಾ ತಂತ್ರಾಂಶದ ಒಂದು ಭಾಗವನ್ನು ಹೊಸದಾಗಿ ಬರೆದು, ಅದನ್ನು ಹೆಚ್ಚುಕಡಿಮೆ ಆರು ಪಟ್ಟು ಚುರುಕು ಮಾಡಿ, ಆ ಭರದಲ್ಲಿ ಸುಮಾರು 2,000 ಸಾಲುಗಳನ್ನು ಕಿತ್ತುಹಾಕಿದ್ದರು. ಫಾರಂನ ಖಾಲಿ ಜಾಗದಲ್ಲಿ ‘ಮೈನಸ್ 2000’ ಎಂದು ಬರೆದು ಕೊಟ್ಟರು. ಇನ್ನೂ ಕೆಲವು ವಾರ ಕಳೆಯುವಷ್ಟರಲ್ಲಿ ಮ್ಯಾನೇಜರುಗಳು ಅವರ ಬಳಿ ಫಾರಂ ಕೇಳುವುದನ್ನೇ ಬಿಟ್ಟರು.

ಈಗಿನ ಫಾರಂಗಳು ಹುಷಾರಾಗಿವೆ. ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಹುಡುಗ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿದ್ದಾನೆ. ಪ್ರತಿ ಶುಕ್ರವಾರ ಸಂಜೆ ಅವನು ಒಂದು ಆನ್‌ಲೈನ್ ಫಾರಂ ತುಂಬಬೇಕು. ಅದರಲ್ಲೊಂದು ಪ್ರಶ್ನೆ: ಈ ವಾರ ಎಐ ಬಳಕೆಯಿಂದ ಉಳಿದ ಗಂಟೆಗಳು ಎಷ್ಟು? ಪಕ್ಕದಲ್ಲಿ ಒಂದು ಚೌಕ. ಅದರಲ್ಲಿ ಮೈನಸ್ ಗುರುತು ಒತ್ತಿದರೆ ಮೂಡುವುದೇ ಇಲ್ಲ. ಸೊನ್ನೆ ಮೂಡುತ್ತದೆ, ಆದರೆ ಮೂಡಿದ ಕೂಡಲೇ ‘ಕಾರಣ ಕಡ್ಡಾಯ’ ಎಂಬ ಕೆಂಪು ಅಕ್ಷರದ ಇನ್ನೊಂದು ಚೌಕ ಬಾಯಿ ತೆರೆಯುತ್ತದೆ.

“ಮತ್ತೆ ಏನು ಬರೆಯುತ್ತೀಯಪ್ಪಾ?” ಎಂದು ಕೇಳಿದೆ.

“ಆರು, ಅಂಕಲ್. ಐದು ಬರೆದರೆ ಟೀಂ ಲೀಡ್ ಪಕ್ಕಕ್ಕೆ ಕರೆದು ಮಾತನಾಡುತ್ತಾರೆ. ಎಂಟು ಬರೆದರೆ ಎಂಟು ಗಂಟೆಯ ಹೊಸ ಕೆಲಸ ತಂದು ಹಾಕುತ್ತಾರೆ. ಆರಕ್ಕೆ ಯಾರ ತಕರಾರೂ ಇಲ್ಲ.”

ತಂಡದಲ್ಲಿ ಎಲ್ಲರೂ ಆರೇ ಬರೆಯುತ್ತಾರಂತೆ. ಆ ಆರುಗಳೆಲ್ಲ ಮ್ಯಾನೇಜರರ ಎಕ್ಸೆಲ್ ಹಾಳೆಯಲ್ಲಿ ಒಟ್ಟುಗೂಡಿ, ಡ್ಯಾಶ್‌ಬೋರ್ಡಿನಲ್ಲಿ ಹಸಿರು ಗೆರೆಯಾಗಿ, ಕ್ಲೈಂಟಿಗೆ ತೋರಿಸುವ ಸ್ಲೈಡಿನಲ್ಲಿ ‘ಶೇ 15ರಷ್ಟು ಉತ್ಪಾದಕತೆ ಹೆಚ್ಚಳ’ ಎಂಬ ದಪ್ಪಕ್ಷರವಾದವು. ವಾರಕ್ಕೆ 40 ಗಂಟೆಯಲ್ಲಿ ಆರು. ಲೆಕ್ಕ ಸರಿಯಾಗಿಯೇ ಇದೆ. ಕ್ಲೈಂಟ್ ಇನ್ನೂ ಜಾಣ. ಬಹಳ ಸಂತೋಷ, ಹಾಗಾದರೆ ಬಿಲ್ಲಿನಲ್ಲೂ ಶೇ 15 ಇಳಿಸಿ ಎಂದನಂತೆ. ಈಗ ಕಂಪನಿಯವರು ಆ ಗೆರೆಯನ್ನು ಹೇಗೆ ಕೆಳಗಿಳಿಸುವುದು ಎಂದು ಸಭೆ ನಡೆಸುತ್ತಿದ್ದಾರೆ.

ಫಾರಂ ತುಂಬಿಸುವ ಬದಲು ಗಡಿಯಾರ ಹಿಡಿದು ಅಳೆದವರು ಇಲ್ಲವೇ ಇಲ್ಲವೆಂದಲ್ಲ. ಮಾರಾಟದ ಸ್ಲೈಡುಗಳಲ್ಲಿ ನೀವು ನೋಡಿರುವ ‘ಶೇ 55 ವೇಗ’ಕ್ಕೆ ನಿಜವಾಗಿಯೂ ಒಂದು ಪ್ರಯೋಗದ ಆಧಾರವಿದೆ. 95 ಮಂದಿ ಪ್ರೋಗ್ರಾಮರುಗಳು, ಎರಡು ಗುಂಪು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಒಂದು ಎಚ್‌ಟಿಟಿಪಿ ಸರ್ವರನ್ನು (ಕೇಳಿದವರಿಗೆ ಜಾಲಪುಟ ಕಳಿಸುವ ತಂತ್ರಾಂಶವನ್ನು) ಆದಷ್ಟು ಬೇಗ ಬರೆಯಿರಿ ಎಂಬುದು ಕೆಲಸ. ಕೋಡ್ ಬರೆದುಕೊಡುವ ಎಐ ಸಹಾಯಕ ಕೋಪೈಲಟ್ ಇದ್ದವರು ಸರಾಸರಿ 1 ಗಂಟೆ 11 ನಿಮಿಷದಲ್ಲಿ ಮುಗಿಸಿದರು, ಇಲ್ಲದವರು 2 ಗಂಟೆ 41 ನಿಮಿಷ ತೆಗೆದುಕೊಂಡರು. ವ್ಯತ್ಯಾಸ ಶೇ 55.8. ಅಧ್ಯಯನ ಮಾಡಿದವರಲ್ಲಿ ಕೋಪೈಲಟ್ ಮಾರುವ, ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನವರೂ ಅದರ ಒಡೆಯ ಮೈಕ್ರೋಸಾಫ್ಟಿನವರೂ ಇದ್ದರು. ಇರಲಿ, ಹೊಟ್ಟೆಕಿಚ್ಚು ಬೇಡ. ಪ್ರಯೋಗವನ್ನು ಅವರು ಬಚ್ಚಿಟ್ಟಿಲ್ಲ. ಏನು ಬರೆಸಿದೆವು ಎಂದು ಹೇಳಿಯೇ ಇದ್ದಾರೆ. ಸ್ಲೈಡಿಗೆ ಬರುವಾಗ ಆ ಸರ್ವರ್ ಎಲ್ಲೋ ಕಳಚಿಕೊಂಡು ಶೇಕಡಾವಾರು ಮಾತ್ರ ಉಳಿಯಿತು. ಜಗತ್ತಿನಲ್ಲಿ ಈಗಾಗಲೇ ಸಾವಿರಾರು ಸಲ ಬರೆದಿಟ್ಟಿರುವ ವಸ್ತುವನ್ನು ಇನ್ನೊಮ್ಮೆ ಬರೆಯುವುದೇ ನಿಮ್ಮ ದಿನನಿತ್ಯದ ಉದ್ಯೋಗವಾಗಿದ್ದರೆ ಈ ಸಂಖ್ಯೆ ನಿಮ್ಮದೇ.

ಆಮೇಲೆ 2025ರ ಜುಲೈನಲ್ಲಿ ಮೆಟರ್ ಎಂಬ ಸಂಶೋಧನಾ ಸಂಸ್ಥೆ ಮನೆ ಮುರಿಯುವ ಕೆಲಸ ಮಾಡಿತು. ಅವರು ಹಿಡಿದದ್ದು 16 ಅನುಭವಿಗಳನ್ನು. ಸರಾಸರಿ ಐದು ವರ್ಷದಿಂದ ಅದೇ ಯೋಜನೆಗಳಲ್ಲಿ ಕೈಯಾಡಿಸಿದ್ದವರು, ಹತ್ತು ಲಕ್ಷ ಸಾಲು ದಾಟಿದ ಕೋಡಿನ ಮೂಲೆ ಮೂಲೆ ಬಲ್ಲವರು. ಅವರವರ ಪಟ್ಟಿಯಲ್ಲಿದ್ದ 246 ಅಸಲಿ ಕೆಲಸಗಳನ್ನೇ ತೆಗೆದುಕೊಂಡು, ಒಂದೊಂದಕ್ಕೂ ಚೀಟಿ ಎತ್ತಿದ ಹಾಗೆ ‘ಇದಕ್ಕೆ ಎಐ ಬಳಸಬಹುದು, ಇದಕ್ಕೆ ಕೂಡದು’ ಎಂದು ನಿಗದಿ ಮಾಡಿದರು. ಪರದೆಯನ್ನು ರೆಕಾರ್ಡ್ ಮಾಡಿಸಿದರು. ಕೂಲಿ ಗಂಟೆಗೆ 150 ಡಾಲರ್. ಮೊದಲೇ ಕೇಳಿದಾಗ, ಎಐ ಇದ್ದರೆ ಶೇ 24ರಷ್ಟು ಸಮಯ ಉಳಿಯುತ್ತದೆ ಎಂದು ಅವರೆಲ್ಲರ ಅಂದಾಜು. ಅರ್ಥಶಾಸ್ತ್ರದ ಪಂಡಿತರನ್ನೂ ಕೇಳಿದರು. ಅವರು ಶೇ 39 ಎಂದರು. ಕೆಲಸ ಮುಗಿಸಿ ಎದ್ದವರನ್ನು ಮತ್ತೆ ಕೇಳಿದರೆ, ಹೌದು, ಶೇ 20 ಉಳಿಯಿತು ಎಂದರು. ಗಡಿಯಾರ ನೋಡಿದರೆ ಎಐ ಬಳಸಿದ ಕೆಲಸಗಳಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿದಿತ್ತು.

ಕೇವಲ 16 ಮಂದಿ ತಾನೇ ಎಂದು ಅಂದೇ ಮೂಗು ಮುರಿದವರಿದ್ದಾರೆ. ಮುರಿಯಲಿ. ಇದನ್ನು ಎಲ್ಲರಿಗೂ ಅನ್ವಯಿಸಬೇಡಿ, ಮುಂದೆ ಬರುವ ಎಐ ಮಾದರಿಗಳು ಬೇರೆಯೇ ಆಗಿರಬಹುದು ಎಂದು ಅಧ್ಯಯನದವರೂ ಹೇಳಿದ್ದಾರೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ 19 ಅಲ್ಲ. ತಮ್ಮ ಕೈಯಾರೆ ಮಾಡಿದ ಕೆಲಸಕ್ಕೆ ಹೊತ್ತು ಹೆಚ್ಚು ಹಿಡಿಯಿತೋ ಕಡಿಮೆ ಹಿಡಿಯಿತೋ ಎಂಬುದೇ ಪಳಗಿದ ಜನರಿಗೆ ತಿಳಿಯಲಿಲ್ಲವಲ್ಲ, ಅದು. ಶುಕ್ರವಾರದ ಆ ಚೌಕವನ್ನು ಪ್ರಾಮಾಣಿಕವಾಗಿ ತುಂಬಿದರೂ ಸುಳ್ಳೇ ತುಂಬಿದಂತಾಗುತ್ತದೆ ಎಂದಾಯಿತು. ಮೂರನೇ ಮಹಡಿಯ ಹುಡುಗನ ಆರು ಈಗ ನನಗೆ ಹೆಚ್ಚು ವೈಜ್ಞಾನಿಕವಾಗಿ ಕಾಣುತ್ತಿದೆ.

ಎಐ ಬರುವ ಮುಂಚೆ ಈ ಲೋಕದಲ್ಲಿ ಅಳತೆ ಬಹಳ ಶುದ್ಧವಾಗಿತ್ತು ಎಂದೇನೂ ಭಾವಿಸಬೇಡಿ. ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದರೆ ದೋಷ ಕಡಿಮೆ ಎಂಬ ಜಗಳ ಜಾತಿ ಜಗಳಕ್ಕಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯಲ್ಲ. ಅದನ್ನು ಇತ್ಯರ್ಥ ಮಾಡಲೆಂದು 2014ರಲ್ಲಿ ಒಂದು ಭಾರಿ ಅಧ್ಯಯನ ಬಂತು. ಗಿಟ್‌ಹಬ್‌ನ 729 ಯೋಜನೆಗಳು, 17 ಭಾಷೆಗಳು, 8 ಕೋಟಿ ಸಾಲು ಕೋಡ್. ಟೈಪ್‌ಸ್ಕ್ರಿಪ್ಟ್ ಭಾಷೆಗೂ ಅದರಲ್ಲಿ ಒಳ್ಳೆಯ ಅಂಕವೇ ಸಿಕ್ಕಿತು. ಐದು ವರ್ಷ ಕಳೆದ ಮೇಲೆ ಬೇರೆ ಸಂಶೋಧಕರು ಅದೇ ದತ್ತಾಂಶವನ್ನು ಎದುರಿಗಿಟ್ಟುಕೊಂಡು ಕೆದಕಿದರು. ಟೈಪ್‌ಸ್ಕ್ರಿಪ್ಟ್ ಕಡತಗಳ ಹೆಸರು ‘ಡಾಟ್ ಟಿಎಸ್’ ಎಂದು ಮುಗಿಯುತ್ತದೆ. ದುರದೃಷ್ಟಕ್ಕೆ, ತಂತ್ರಾಂಶ ಕಟ್ಟಲು ಬಳಸುವ ಕ್ಯೂಟಿ ಎಂಬ ಸಲಕರಣೆಯಲ್ಲಿ ಮೆನು, ಬಟನ್ನುಗಳ ಮೇಲಿನ ಮಾತುಗಳನ್ನು ಬೇರೆ ಬೇರೆ ದೇಶಭಾಷೆಗಳಲ್ಲಿ ಬರೆದಿಡುವ ಕಡತದ ಹೆಸರೂ ‘ಡಾಟ್ ಟಿಎಸ್’ ಎಂದೇ ಮುಗಿಯುತ್ತದೆ. ಅಧ್ಯಯನದ ಅತಿ ದೊಡ್ಡ ಟೈಪ್‌ಸ್ಕ್ರಿಪ್ಟ್ ಯೋಜನೆಗಳು ಯಾವುವು ಎಂದು ನೋಡಿದರೆ ಬಿಟ್‌ಕಾಯಿನ್, ಲೈಟ್‌ಕಾಯಿನ್, ಕ್ಯೂಬಿಟ್‌ಟೊರೆಂಟ್! ಯಾವುದರಲ್ಲೂ ಟೈಪ್‌ಸ್ಕ್ರಿಪ್ಟ್ ಇರಲಿಲ್ಲ. ‘ಕಳುಹಿಸು’, ‘ರದ್ದುಮಾಡು’ ಎಂಬಂಥ ಮಾತುಗಳು ನಾನಾ ಭಾಷೆಗಳಲ್ಲಿ ಕುಳಿತು, ತಮ್ಮಷ್ಟಕ್ಕೆ ಯಾವ ದೋಷವನ್ನೂ ಮಾಡದೆ, ಒಂದು ಪ್ರೋಗ್ರಾಮಿಂಗ್ ಭಾಷೆಗೆ ಸಚ್ಚಾರಿತ್ರ್ಯದ ಪ್ರಮಾಣಪತ್ರ ಕೊಡಿಸಿದ್ದವು. ಮೊದಲು 11 ಭಾಷೆಗಳಿಗೆ ಹೇಳಿದ್ದ ತೀರ್ಪು ಕಡೆಗೆ ನಾಲ್ಕಕ್ಕೆ ಉಳಿಯಿತು, ಆ ನಾಲ್ಕರಲ್ಲೂ ಪರಿಣಾಮ ಸೂಜಿಮೊನೆಯಷ್ಟು. ತಪ್ಪು ಹಿಡಿದ ಪ್ರಬಂಧ ಪ್ರಕಟವಾದ ಮೇಲೂ ಮೊದಲನೆಯದನ್ನೇ ತೋರಿಸಿ ವಾದ ಗೆಲ್ಲುವವರು ಇದ್ದಾರೆ. ಗೆದ್ದವರಿಗೆ ಎರಡನೆಯದನ್ನು ಓದುವ ಅಗತ್ಯವೇನು?

ಒಬ್ಬ ಪ್ರೋಗ್ರಾಮರ್ ಇನ್ನೊಬ್ಬನಿಗಿಂತ ಹತ್ತು ಪಟ್ಟು, ಇಪ್ಪತ್ತೆಂಟು ಪಟ್ಟು ಎಂಬ ದಂತಕಥೆಯನ್ನೂ ಕೇಳಿರುತ್ತೀರಿ. ಅದರ ಬೇರು 1968ರ ಒಂದು ಪ್ರಯೋಗದಲ್ಲಿದೆ. ಪಾಲ್ಗೊಂಡವರು 12 ಮಂದಿ. ಅಳೆಯಲು ಹೊರಟದ್ದು ಜನರನ್ನೇ ಅಲ್ಲ, ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಮಾಡುವುದು ಮೇಲೋ, ಪ್ರೋಗ್ರಾಂ ಬರೆದು ಕೊಟ್ಟು ಫಲಿತಾಂಶಕ್ಕೆ ಕಾಯುವುದು ಮೇಲೋ ಎಂಬುದನ್ನು. ಗ್ರಾಹಕನ ಕೈಸೇರಿದ ಮೇಲೆ ದೋಷ ತಿದ್ದಲು ನೂರು ಪಟ್ಟು ಖರ್ಚು ಎಂಬ ಇನ್ನೊಂದು ಪ್ರಸಿದ್ಧ ವಾಕ್ಯವಿದೆಯಲ್ಲ, ಅದರ ಮೂಲ ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು ಐಬಿಎಂನ ಒಳಗಿನ ತರಬೇತಿಯ ಟಿಪ್ಪಣಿಗಳ ಉಲ್ಲೇಖ, ಅದರಾಚೆ ಗೋಡೆ. ಆ ಗೋಡೆಯ ಮೇಲೆ ಎಷ್ಟು ಪಠ್ಯಪುಸ್ತಕಗಳು ನಿಂತಿವೆಯೋ!

ಇವೆಲ್ಲ ಪ್ರಾಧ್ಯಾಪಕರ ಜಗಳವಾಗಿದ್ದರೆ ನಗುತ್ತಾ ಕೂರಬಹುದಿತ್ತು. ಈ ಸಂಖ್ಯೆಗಳು ಬೆಂಗಳೂರಿನ ಹುಡುಗರ ಅಪ್ರೈಸಲ್‌ಗೆ ಇಳಿಯುತ್ತವೆ. ಯಂತ್ರ ಕೆಲಸವನ್ನು ಅರ್ಧಕ್ಕೆ ಇಳಿಸಿದೆ ಎಂದು ಒಂದು ಬಾಯಿ ಹೇಳುತ್ತದೆ. ಅದೇ ಉದ್ಯಮದ ಇನ್ನೊಂದು ಬಾಯಿ ನಮ್ಮ ಸರ್ಕಾರದ ಮುಂದೆ 2024ರಲ್ಲಿ ದಿನಕ್ಕೆ 14 ಗಂಟೆ ದುಡಿಸಲು ಅವಕಾಶ ಕೊಡಿ ಎಂದು ಕೈಯೊಡ್ಡಿತ್ತು. ಬೇಡಿಕೆ ಐಟಿ ಉದ್ಯಮದಿಂದಲೇ ಬಂದದ್ದು ಎಂದು ಕಾರ್ಮಿಕ ಸಚಿವರೇ ಹೇಳಿದ್ದರು. ನಾರಾಯಣ ಮೂರ್ತಿಯವರಿಗೆ ವಾರಕ್ಕೆ 70 ಗಂಟೆ ಬೇಕು. ಎಲ್ ಆ್ಯಂಡ್ ಟಿಯ ಮುಖ್ಯಸ್ಥರಿಗೆ 90 ಗಂಟೆ, ಭಾನುವಾರವೂ ಸೇರಿ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಮಂದಿಯನ್ನು ಕೈಬಿಡುವುದಾಗಿ ಹೇಳಿದಾಗ, ಎಐ ತಂದ ಉತ್ಪಾದಕತೆ ಇದಕ್ಕೆ ಕಾರಣವಲ್ಲ ಎಂಬ ವಿವರಣೆ ಬಂತು. ಒಳ್ಳೆಯದು. ಹಾಗಾದರೆ ಆ ಉತ್ಪಾದಕತೆ ಎಲ್ಲಿದೆ? ಕ್ಲೈಂಟಿನ ಬಿಲ್ಲಿನಲ್ಲಿಲ್ಲ, ಉದ್ಯೋಗ ಕಡಿತದ ಕಾರಣದಲ್ಲಿಲ್ಲ, ನೌಕರನ ಸಂಬಳದಲ್ಲಂತೂ ಇಲ್ಲ. ರಾತ್ರಿ ಹತ್ತಕ್ಕೆ ಮನೆ ಸೇರಿ, ಯಂತ್ರ ಬರೆದಿಟ್ಟ ಕೋಡಿನ ತಪ್ಪುಗಳನ್ನು ಲ್ಯಾಪ್‌ಟಾಪಿನಲ್ಲಿ ಹೆಕ್ಕುತ್ತಾ ಕೂತವನಿಗೆ ಯಾವ ಗಂಟೆ ಉಳಿಯಿತು ಎಂದು ಯಾರಾದರೂ ತೋರಿಸಿ. ಸಾಕಾಗಿದೆ ಈ ಬೊಗಳೆ.

ಕಾರ್ಮಿಕ ಇಲಾಖೆಗೆ ಒಂದು ಮನವಿ ಮಾಡಿಕೊಳ್ಳೋಣ ಎಂದುಕೊಂಡಿದ್ದೇನೆ. ಉದ್ಯಮದವರ ಸ್ಲೈಡನ್ನು ನಾವು ಪೂರ್ತಿ ನಂಬುತ್ತೇವೆ. ಅದರ ಪ್ರಕಾರ 14 ಗಂಟೆಯ ಕೆಲಸದಲ್ಲಿ ಶೇ 55.8 ಕಳೆದರೆ 6 ಗಂಟೆ 11 ನಿಮಿಷ. ಬೆಳಿಗ್ಗೆ ಒಂಬತ್ತಕ್ಕೆ ಕಾರ್ಡ್ ಸ್ವೈಪ್ ಮಾಡಿದವರು ಮಧ್ಯಾಹ್ನ 3 ಗಂಟೆ 11 ನಿಮಿಷಕ್ಕೆ ಹೊರಬೀಳಲಿ. ಮೂರ್ತಿಯವರ 70 ಗಂಟೆ ವಾರಕ್ಕೆ 31ಕ್ಕೆ ಬಂದು ನಿಲ್ಲುತ್ತದೆ, 90 ಬೇಕೆಂದವರಿಗೂ 40ರೊಳಗೆ ಮುಗಿಯುತ್ತದೆ. ಇಷ್ಟನ್ನು ಆದೇಶ ಮಾಡಿಬಿಡಿ. ಆದೇಶದ ಕರಡು ಹೊರಬಿದ್ದ ದಿನವೇ ಉದ್ಯಮದ ನಿಯೋಗವೊಂದು ವಿಧಾನಸೌಧದ ಮೆಟ್ಟಿಲು ಹತ್ತುತ್ತದೆ, ಅವರ ಕೈಯಲ್ಲಿ ಮೆಟರ್ ಸಂಸ್ಥೆಯ ಅಧ್ಯಯನವಿರುತ್ತದೆ: ಎಐ ಬಳಸಿದರೆ ಶೇ 19 ಹೆಚ್ಚು ಹೊತ್ತು ಹಿಡಿಯುತ್ತದೆ ಸ್ವಾಮಿ, ಆದ್ದರಿಂದ 70 ಸಾಲದು, 83 ಗಂಟೆ ಮಾಡಿಕೊಡಿ.