ಹಳೇ ಮಾಸ್ತರಗೂ ಟಿಇಟಿ ಬೇಕೇನ್ರಿ? ಪರ-ವಿರೋಧ

ಪರ: ನಮಗ ಬೇಕಂದ್ರ ಅವರಿಗೂ ಬೇಕು
ಅತಿಥಿ ಶಿಕ್ಷಕಿ, ಅಥಣಿ ತಾಲೂಕು

ಪರ ಬರೀತೀರೇನು ಅಂತ ಕೇಳಿದ ಕೂಡಲೇ ಹೂಂ ಅಂದೆ, ಯಾಕಂದ್ರ ಇದು ಬಾಳ ದಿನದಿಂದ ಹೊಟ್ಟ್ಯಾಗ ಇಟ್ಕೊಂಡ ಮಾತು. 2025ರ ಸೆಪ್ಟೆಂಬರ್ 1ಕ್ಕ ಸುಪ್ರೀಂ ಕೋರ್ಟ್ ಹೇಳಿದ್ದು ಏನು? 1ರಿಂದ 8ನೇ ಕ್ಲಾಸಿನ ತನಕ ಕಲಸೋರಿಗೆ ಟಿಇಟಿ, ಅಂದ್ರ ಶಿಕ್ಷಕರ ಅರ್ಹತಾ ಪರೀಕ್ಷಾ, ಆಗಿರಬೇಕು, ಆರ್‌ಟಿಇ ಅನ್ನೂ ಶಿಕ್ಷಣ ಹಕ್ಕಿನ ಕಾಯ್ದೆ ಬರೂಕಿಂತ ಮೊದಲ ನೌಕರಿಗೆ ಸೇರಿದೋರಿಗೂ ಸೈತ. ರಿಟೈರ್ ಆಗಾಕ 5 ವರ್ಷಕಿಂತ ಜಾಸ್ತಿ ಇದ್ದೋರು 2 ವರ್ಷದಾಗ ಪಾಸ್ ಆಗಬೇಕು, ಇಲ್ಲಾಂದ್ರ ಕಡ್ಡಾಯ ನಿವೃತ್ತಿ. ಅವತ್ತ ಸ್ಟಾಫ್ ರೂಮಿನಾಗ ಆದ ಗದ್ದಲ ನೀವು ನೋಡಬೇಕಿತ್ತು, ಪಗಾರಾನ ನಿಂತೈತೇನೋ ಅನ್ನೂ ಹಂಗ.

ಅಲ್ರಿ, ಏನೈತಿ ಆ ಪರೀಕ್ಷಾದಾಗ? 150 ಪ್ರಶ್ನೆ, 150 ಮಾರ್ಕ್ಸ್, ಎರಡೂವರೆ ತಾಸು, ತಪ್ಪ ಉತ್ತರಕ್ಕ ಮಾರ್ಕ್ಸೂ ಕಳಿಯಂಗಿಲ್ಲ. ಒಂದನೇ ಪೇಪರಿನಾಗ ಎರಡ ಭಾಷಾ, ಗಣಿತ, ಪರಿಸರ, ಮಕ್ಕಳ ಮನೋವಿಕಾಸ, ಒಂದೊಂದಕ್ಕ 30. ಜನರಲ್ ಇದ್ದೋರಿಗೆ 90 ಬಂದ್ರ ಸಾಕು. ದಿನಾ ಕಲಸೂ ವಿಷಯದಾಗ ನೂರಕ್ಕ 60 ತಗ್ಯಾಕ ಅಂಜಿಕಿ ಯಾಕ?

ಅನುಭವ ಐತಿ ಅಂತಾರ. ಅನುಭವ ಸಾಲಿ ಮುಂದಿನ ಬೇವಿನ ಗಿಡಕ್ಕೂ ಐತಿ, ಎಲ್ಲಾ ಹೆಡ್ ಮಾಸ್ತರಕಿಂತ ಮೊದಲಿಂದ ಅಲ್ಲೇ ನಿಂತೈತಿ.

ಒಂದ ಮಾತ ಹೇಳ್ತೀನಿ, ಸಾಲಿ ಹೆಸರು ಹೇಳಂಗಿಲ್ಲ. ಆರನೇ ಇಯತ್ತೆ ಹುಡುಗಿ ಒಬ್ಬಾಕಿ ಗಣಿತದ ನೋಟ್‌ಬುಕ್ ತಗೊಂಡ ನನ್ನ ಕಡೆ ಬಂದ್ಲು. ಅದರಾಗ 1/2 + 1/3 = 2/5 ಅಂತ ಬರದಿತ್ತು, ಬಾಜೂಕ ಕೆಂಪ ಪೆನ್ನಿಲೆ ರೈಟ್ ಮಾರ್ಕು, ಕೆಳಗ ಸಹಿ. ಮ್ಯಾಲಿಂದು ಮ್ಯಾಲಿಂದಕ್ಕ ಕೂಡಿಸ್ಯಾರ, ಕೆಳಗಿಂದು ಕೆಳಗಿಂದಕ್ಕ. ಮಕ್ಕಳು ತಾವ ಮಾಡಿದ ತಪ್ಪಲ್ಲ ಅದು, ಬೋರ್ಡಿನ ಮ್ಯಾಲಿಂದ ಇಳಿಸಿಕೊಂಡಿದ್ದು, ಇಡೀ ಕ್ಲಾಸಿನ ನೋಟ್‌ಬುಕ್ಕಿನಾಗ ಹಂಗ ಇತ್ತು. ಆ ಹುಡುಗಿ ಕೇಳಿದ್ದು ಏನು ಗೊತ್ತೇನ್ರಿ? "ಮೇಡಂ, ಅರ್ಧ ರೊಟ್ಟಿಗೆ ಮತ್ತೊಂದ ತುಂಡ ಕೂಡಿಸಿದ್ರ ಅರ್ಧಕಿಂತ ಕಡಿಮಿ ಹೆಂಗಾತ್ರಿ?" ಹೌದಲ್ಲ, 2/5 ಅಂದ್ರ ಅರ್ಧಕಿಂತ ಕಡಿಮಿನ. ಸಣ್ಣ ಹುಡುಗಿಗೆ ತಿಳದದ್ದು ಇಷ್ಟ ವರ್ಷ ಪಾಠ ಮಾಡಿದೋರಿಗೆ ತಿಳೀಲಿಲ್ಲ, ಮತ್ತ ಇವರನ್ನ ಯಾರೂ ಏನೂ ಕೇಳಬಾರದಂತ.

ಪರೀಕ್ಷಾ ಬ್ಯಾಡ, ತರಬೇತಿ ಕೊಡ್ರಿ ಅಂತಾರ. ಕೊಟ್ಟಾರಲ್ಲ! ತರಬೇತಿ ಬೆಂಗಳೂರಿಂದ ಜಿಲ್ಲಾಕ್ಕ, ಜಿಲ್ಲಾದಿಂದ ತಾಲೂಕಿಗೆ ಇಳದ ಬರೂದ್ರಾಗ ಅದರಾಗ ಏನೂ ಉಳದಿರಂಗಿಲ್ಲ. ಹಾಜರಿಗೆ ಸಹಿ, ಚಹಾ ಚುರುಮುರಿ, ಗ್ರೂಪ್ ಫೋಟೋ, ಮುಗೀತು. 2020ರ ಶಿಕ್ಷಣ ನೀತಿ ವರ್ಷಕ್ಕ 50 ತಾಸು ಕಲೀಬೇಕು ಅಂತೈತಿ, ಮೊಬೈಲಿನಾಗ ಸರಕಾರದ ದೀಕ್ಷಾ ಆ್ಯಪಿನ ತರಬೇತಿ ವಿಡಿಯೋ ಹಚ್ಚಿ ಬಾಜೂಕ ಇಟ್ಟು ರೊಟ್ಟಿ ತಿನ್ನೋರನ್ನ ನಾ ಕಣ್ಣಾರೆ ಕಂಡೀನಿ. ತರಬೇತಿ ಮುಗದ ಮ್ಯಾಲ ನೀ ಏನ ಕಲತಿ ಅಂತ ಒಬ್ಬರರ ಕೇಳ್ಯಾರೇನು?

ನಾ ಟಿಇಟಿ ಪಾಸ್. ಮೊದಲ ಆ ಸರ್ಟಿಫಿಕೇಟ್ 7 ವರ್ಷಕ್ಕ ಇತ್ತು, 2021ರಾಗ ಜೀವನಪರ್ಯಂತ ಮಾಡಿದ್ರು. ಸರ್ಟಿಫಿಕೇಟು ಜೀವನಪರ್ಯಂತ, ನಮ್ಮ ನೌಕರಿ ಬ್ಯಾಸಿಗಿ ತನಕ. ಗೌರವಧನ ಯಾವಾಗ ಬರತೈತೋ ಆ ದೇವರಿಗೇ ಗೊತ್ತು. ಒಂದ ಸಾಲಿ, ಒಂದ ಮಕ್ಕಳು, ನಮಗ ಬೇಕಂದ್ರ ಅವರಿಗೂ ಬೇಕು, ಅಷ್ಟ.

ವಿರೋಧ: ಬ್ಯಾಡ ಅಂತನ ಅನ್ರಿ
ಮುಖ್ಯ ಗುರುಗಳು, ಇಂಡಿ ತಾಲೂಕು

ವಿರೋಧಕ್ಕ ಯಾರೂ ಸಿಗಲಿಲ್ಲ ಸರ್, ನೀವ ಬರೀರಿ ಅಂದ್ರು, ಅದಕ್ಕ ಬರೀಲಿಕತ್ತೀನಿ. ಖರೇ ಅಂದ್ರ ನನಗ ಇದು ತಟ್ಟೂದಿಲ್ಲ. ರಿಟೈರ್ ಆಗಲಿಕ್ಕ 5 ವರ್ಷದೊಳಗ ಇದ್ದೋರಿಗೆ ಕೋರ್ಟ್ ವಿನಾಯಿತಿ ಕೊಟ್ಟದ, ಬಡ್ತಿ ಸಿಗೂದಿಲ್ಲ ಅಷ್ಟ. ಈ ವಯಸ್ಸಿನಾಗ ಬಡ್ತಿ ತಗೊಂಡು ಎಲ್ಲಿಗೆ ಹೋಗಲಿ?

ಮೇಡಂ ಅವರು ಬರದದ್ದು ನನಗ ಮೊದಲ ತೋರಿಸಿದ್ರು. ಭಿನ್ನರಾಶಿ ವಿಷಯಕ್ಕ ನಾ ಹೋಗೂದಿಲ್ಲ, ಗಣಿತ ನನ್ನ ವಿಷಯ ಅಲ್ಲ. ಹಳೇ ಮಂದಿ ಮನಿಗೆ ಹೋದ್ರ ಜಾಗಾ ಖಾಲಿ ಆಗ್ತಾವ, ಅದೂ ಒಂದು ಅದ ನೋಡ್ರಿ ಅವರ ಬರವಣಿಗ್ಯಾಗ. ಇರಲಿ. ನಾವು ಟಿಸಿಎಚ್ ಅನ್ನೂ ಶಿಕ್ಷಕರ ತರಬೇತಿ ಕೋರ್ಸ್ ಮಾಡಿ, ಸರಕಾರ ಅವತ್ತ ಏನ ಕೇಳಿತ್ತೋ ಅದನ್ನ ಕೊಟ್ಟ ಬಂದೋರು. ಆಟ ಮುಗೀಲಿಕ್ಕ ಬಂದಾಗ ನಿಯಮ ಬದಲ ಮಾಡಿದ್ರ ಹೆಂಗ?

ತರಬೇತಿ ಅಂದ್ರ ಚಹಾ ಚುರುಮುರಿ ಅಂತ ಬರದಾರ, ಅದನ್ನ ಮಾತ್ರ ಒಪ್ಪೂದಿಲ್ಲ. 2009-10ರಾಗ ನಲಿಕಲಿ, ಅಂದ್ರ ಸಣ್ಣ ಮಕ್ಕಳಿಗೆ ಆಟ ಆಡಿಸ್ಕೋತ ಕಲಸೂ ಪದ್ಧತಿ, ರಾಜ್ಯದ ತುಂಬ ಬಂತು. 1995ರಾಗ ಮೈಸೂರ ಕಡೆ ಎಚ್.ಡಿ.ಕೋಟೆ ಒಳಗ ಸುರು ಆಗಿದ್ದಂತ ಅದು. ತರಬೇತಿಗೆ ಹೋದಾಗ ಅ ಆ ಇ ಈ ಬಿಟ್ಟು ರ ಗ ಸ ದ ಅ ದಿಂದ ಕಲಸ್ರಿ ಅಂದ್ರು. ನಾವೆಲ್ಲಾ ಹಿಂದ ಕೂತ ನಕ್ಕಿವಿ, ಇವರಿಗೇನ ತಲಿ ಕೆಟ್ಟದೇನು ಅಂತ. ಸಾಲಿಗೆ ಬಂದು ಕಾಟಾಚಾರಕ್ಕ ಸುರು ಮಾಡಿದೆ. ಸ್ವಲ್ಪ ದಿನದಾಗ ತಾಂಡಾದಿಂದ ಬರೂ ಒಬ್ಬ ಹುಡುಗ, ಮನಿಯಾಗ ಲಂಬಾಣಿ ಮಾತಾಡಾಂವ, ಮಿಂಚುಪಟ್ಟಿ, ಅಂದ್ರ ಅಕ್ಷರ ಬರದ ಕಾರ್ಡು, ಜೋಡಿಸ್ಕೊಂಡು "ಸರ, ಅರಸ, ಅಗಸ, ಗರಗಸ" ಅಂತ ತಾನ ಓದಿದ. ಐದ ಅಕ್ಷರದಾಗ! ಅ ದಿಂದ ಅಃ ತನಕ ಬಾಯಿಪಾಠ ಮಾಡಿಸಿದ್ರ ಆ ಹುಡುಗ ದೀಪಾವಳಿ ತನಕನೂ ಒಂದ ಶಬ್ದ ಓದತಿರಲಿಲ್ಲ. ಅದನ್ನ ನನಗ ಕಲಿಸಿದ್ದು ತರಬೇತಿ, ಪರೀಕ್ಷಾ ಅಲ್ಲ. ಅಂವ ಈಗ ಗೋವಾದಾಗ ಗಾಡಿ ಓಡಸ್ತಾನ, ಜಾತ್ರಿಗೆ ಬಂದಾಗ ಕಾಲ ಮುಟ್ಟತಾನ, ಅದಿರಲಿ. ಆದ್ರ ಅದರ ನಂತರ ಬಂದ ತರಬೇತಿ ಎಲ್ಲಾ ಹಂಗ ಇದ್ದಿಲ್ಲ, ಅದರಾಗ ಮೇಡಂ ಹೇಳಿದ್ದೂ ಅದ.

ಮತ್ತ ಓದೂದು ಯಾವಾಗ ಹೇಳ್ರಿ? ಸೆಪ್ಟೆಂಬರ್ 1ಕ್ಕ ತೀರ್ಪು, 22ಕ್ಕ ಜಾತಿ ಸಮೀಕ್ಷೆ ಅಂತ ಮಾಸ್ತರಗೋಳನ್ನ ಮನಿಮನಿ ಅಡ್ಡಾಡಿಸಿದ್ರು, ದಸರಾ ಸೂಟಿನ ಅಕ್ಟೋಬರ್ 18ರ ತನಕ ಎಳದ್ರು. ನೆಟ್‌ವರ್ಕ್ ಸಿಗಲಾರದ್ದಕ್ಕ ಗುಡ್ಡ ಹತ್ತಿದೋರನ್ನೂ ನೋಡೀನಿ. ಅದು ಮುಗೀತಂದ್ರ ತತ್ತಿ ಲೆಕ್ಕ, ಹಾಲಿನ ಪುಡಿ ಲೆಕ್ಕ, ಆಧಾರ್ ತಿದ್ದುಪಡಿ, ಚುನಾವಣಾ. ಮೊದಲ ಅವನ್ನ ನಮ್ಮ ಕೈಯಿಂದ ತಗೀರಿ, ಆಮ್ಯಾಲ ಪರೀಕ್ಷಾ ಇಡ್ರಿ, ಬ್ಯಾಡ ಅಂದೋರ್ಯಾರು? ಬ್ಯಾಡ ಅಂತ ಬರೀಬೇಕಾಗಿತ್ತು ನಾನು, ಇರಲಿ ಬಿಡ್ರಿ.

ನಮ್ಮ ಸಾಲ್ಯಾಗ ಇಬ್ಬರು ಈಗಾಗಲೇ ಗೈಡ್ ತರಸ್ಯಾರ. ಬಿಸಿಯೂಟ ಆದ ಮ್ಯಾಲ ಸ್ಟಾಫ್ ರೂಮಿನಾಗ ಕೂತು ಮಕ್ಕಳ ಮನೋವಿಜ್ಞಾನದ ಪಂಡಿತರು ಪಿಯಾಜೆ ಏನಂದ, ವೈಗೋಟ್ಸ್ಕಿ ಏನಂದ ಅಂತ ಬಾಯಿಪಾಠ ಹಾಕ್ತಾರ. ಆ ಹೊತ್ತಿಗೆ ಅವರ ಎರಡೂ ಕ್ಲಾಸು ನಾನ ನೋಡಕೋತೀನಿ, ಗಣಿತ ಒಂದ ಬಿಟ್ಟು.